ಪುಸ್ತಕದ ಲಾಗ್ ಬೇರೆ, ಫೋನಿನ ಲಾಗ್ ಬೇರೆ

ಪ್ರಶ್ನೆ: ಸರ್, ನಾನು ಮೂಡಿಗೆರೆ ಕಡೆಯವಳು. ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಸೆಕೆಂಡ್ ಪಿಯು ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಮೊನ್ನೆ ಟೆಸ್ಟಿನಲ್ಲಿ 2 ಪವರ್ ಎಕ್ಸ್‌ನ ಡೆರಿವೇಟಿವ್, ಅಂದರೆ ಅದು ಬದಲಾಗುವ ವೇಗ (ಗ್ರಾಫಿನ ಇಳಿಜಾರು), ಕೇಳಿದ್ದರು. ಎಕ್ಸ್ ಕ್ಯೂಬ್‌ಗೆ ಮಾಡುವ ಹಾಗೆ ಪವರನ್ನು ಕೆಳಗಿಳಿಸಿ, ಪವರಿನಲ್ಲಿ ಒಂದು ಕಳೆದು ಬರೆದೆ. ಸೊನ್ನೆ ಮಾರ್ಕ್ಸ್ ಬಂತು. ರೂಮಿನ ಅಕ್ಕ ಒಬ್ಬರು, 'ಅದು ಎಕ್ಸೆಪ್ಷನ್ ಕಣೇ, 2 ಪವರ್ ಎಕ್ಸ್ ಇಂಟು ಲಾಗ್ 2 ಅಂತ ಬಾಯಿಪಾಠ ಮಾಡ್ಕೋ' ಅಂದರು. ನಂಬಿಕೆ ಬರಲಿಲ್ಲ. ಫೋನಿನಲ್ಲಿ ಲೆಕ್ಕ ಹಾಕಿದೆ. ಎಕ್ಸ್ 3 ಇದ್ದಾಗ 8. ಎಕ್ಸ್ 3.01 ಆದಾಗ 8.0556. ಹೆಚ್ಚಾದದ್ದು 0.0556. ಅದನ್ನು 0.01ರಿಂದ ಭಾಗಿಸಿದರೆ 5.56. ಆದರೆ ನಾನು ಬರೆದ ಉತ್ತರದ ಪ್ರಕಾರ 12 ಬರುತ್ತೆ. ಪುಸ್ತಕದ ಸೂತ್ರದಲ್ಲಿ ಹಾಕಿದರೆ 8 ಇಂಟು 0.3010, ಅಂದರೆ 2.408. ಮೂರೂ ಬೇರೆ ಬೇರೆ! ಅಪ್ಪನಿಗೆ ಫೋನ್ ಮಾಡಿ ಕೇಳಿದೆ. 'ಲಾಗ್ 2 ಅಂದ್ರೆ 0.3010ಯೇ, ನಮಗೆ ಬಾಯಿಪಾಠ ಮಾಡಿಸಿದ್ರು' ಅಂದರು. ಹಾಗಾದರೆ ಪುಸ್ತಕ ತಪ್ಪಾ ಸರ್? ಪುಸ್ತಕದಲ್ಲಿ ಬರೋ ಈ 'ಇ' ಅನ್ನೋ ಸಂಖ್ಯೆ ಎಲ್ಲಿಂದ ಬಂತು? ಸಿಇಟಿಗೆ ಸುಮ್ನೆ ಸೂತ್ರ ಉರು ಹೊಡೆದರೆ ಸಾಕಾ?

ಉತ್ತರ: ಟೆಸ್ಟಿನಲ್ಲಿ ಸೊನ್ನೆ ತಗೊಂಡವರು ಸಾಮಾನ್ಯವಾಗಿ ಪೇಪರನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕುತ್ತಾರೆ. ನೀನು ಪುಸ್ತಕವನ್ನೇ ಪರೀಕ್ಷೆಗೆ ಕೂರಿಸಿದ್ದೀಯ. ಹಾಸನದಲ್ಲಿ ಇಪ್ಪತ್ತಾರು ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿದ್ದೇನೆ. ಹೀಗೆ 3.01 ಹಾಕಿ ನೋಡಿದವರು ಕೈಬೆರಳೆಣಿಕೆಯಷ್ಟು. ನನ್ನ ಮೊಮ್ಮಗಳ ವಯಸ್ಸಿನವಳು ನೀನು, ಅದಕ್ಕೇ ಏಕವಚನ. ಬೇಜಾರು ಮಾಡ್ಕೋಬೇಡ.

ನಿನ್ನ ಗೊಂದಲ ಒಂದಲ್ಲ, ಎರಡು. ಪವರ್ ರೂಲ್, ಅಂದರೆ ಪವರನ್ನು ಕೆಳಗಿಳಿಸಿ ಒಂದು ಕಳೆಯುವ ನಿಯಮ, ಇಲ್ಲಿ ಯಾಕೆ ನಡೆಯಲ್ಲ ಅನ್ನೋದು ಒಂದು. ಸರಿಯಾದ ಸೂತ್ರ ಹಾಕಿದರೂ ಉತ್ತರ ಯಾಕೆ ಸರಿ ಬರಲಿಲ್ಲ ಅನ್ನೋದು ಇನ್ನೊಂದು. ಎರಡನೆಯದನ್ನೇ ಮೊದಲು ಮುಗಿಸೋಣ, ಅದು ಚಿಕ್ಕದು.

ಪುಸ್ತಕ ತಪ್ಪಲ್ಲ. ನಿಮ್ಮಪ್ಪ ಹೇಳಿದ್ದೂ ತಪ್ಪಲ್ಲ. ನೀನು ಮಾಡಿದ ಲೆಕ್ಕವೂ ತಪ್ಪಲ್ಲ. ಆದರೆ ಪುಸ್ತಕದ ಲಾಗ್ ಬೇರೆ, ನಿನ್ನ ಫೋನಿನ ಲಾಗ್ ಬೇರೆ. ಲಾಗ್ 2 ಅಂದರೆ 'ಬೇಸ್' ಅನ್ನೋ ಸಂಖ್ಯೆಗೆ ಎಷ್ಟು ಪವರ್ ಹಾಕಿದರೆ 2 ಬರುತ್ತೆ ಅನ್ನೋದು. ಬೇಸ್ ಬದಲಾದರೆ ಅದೂ ಬದಲಾಗುತ್ತೆ. ಎನ್‌ಸಿಇಆರ್‌ಟಿ ಗಣಿತ ಪುಸ್ತಕದ 5ನೇ ಅಧ್ಯಾಯ ತೆಗೆದು ನೋಡು. ಎಕ್ಸ್‌ಪೊನೆನ್ಶಿಯಲ್ ಮತ್ತು ಲಾಗರಿದಮ್ ಶುರುವಾಗುವ ಕಡೆ, ಈ ಅಧ್ಯಾಯದಲ್ಲಿ ಲಾಗ್ ಅಂತ ಬರೆದರೆ ಬೇಸ್ 'ಇ' ಅಂತಲೇ ತಿಳಿಯಬೇಕು ಅನ್ನೋ ಒಂದು ಸಾಲಿದೆ. ಆ ಸಾಲನ್ನು ಯಾರೂ ಓದಲ್ಲ. ಲೆಕ್ಚರರ್‌ಗಳೂ ಎಷ್ಟೋ ಸಲ ಓದಿಸಲ್ಲ. ನಾನೂ ಮೊದಲ ಎರಡು ಮೂರು ವರ್ಷ ಓದಿಸಿರಲಿಲ್ಲ. ಫೋನಿನಲ್ಲಿ 'ಲಾಗ್' ಅನ್ನೋ ಬಟನ್ ಬೇಸ್ 10ರದ್ದು. ಪಕ್ಕದಲ್ಲೇ 'ಎಲ್ಎನ್' ಅಂತ ಇನ್ನೊಂದು ಬಟನ್ ಇರುತ್ತೆ, ಅದು ಬೇಸ್ ಇ. ಅದನ್ನು ಒತ್ತಿ 2 ಹಾಕು. 0.6931 ಬರುತ್ತೆ. ಈಗ 8 ಇಂಟು 0.6931 ಎಷ್ಟು? 5.545. ನಿನ್ನ 5.56ಕ್ಕೆ ಬಂದು ಕೂತಿತು ಅಲ್ವಾ?

ಉಳಿದ ಆ ಒಂದಿಷ್ಟು ವ್ಯತ್ಯಾಸಕ್ಕೆ ಕಾರಣ ನೀನು ಇಟ್ಟ ಹೆಜ್ಜೆಯ ಅಳತೆ. 0.01 ಸಣ್ಣದು, ಆದರೆ ಸೊನ್ನೆ ಅಲ್ಲ. ಅಷ್ಟರಲ್ಲೇ ಗ್ರಾಫ್ ಸ್ವಲ್ಪ ಮೇಲಕ್ಕೆ ಬಾಗಿಬಿಟ್ಟಿರುತ್ತೆ. ಮುಂದಕ್ಕೊಂದು ಹೆಜ್ಜೆ, ಹಿಂದಕ್ಕೊಂದು ಹೆಜ್ಜೆ ಇಟ್ಟು ನೋಡು. 3.01ರಲ್ಲಿನ ಬೆಲೆಯಿಂದ 2.99ರಲ್ಲಿನ ಬೆಲೆ ಕಳೆದು 0.02ರಿಂದ ಭಾಗಿಸು. ಕರೆಕ್ಟಾಗಿ 5.545 ಬರುತ್ತೆ. ಎರಡೂ ಕಡೆಯ ಬಾಗು ಒಂದನ್ನೊಂದು ಹೊಡೆದು ಹಾಕುತ್ತೆ.

ಈ ಎರಡು ಲಾಗ್‌ಗಳ ತಂಟೆ ನಿನಗೆ ಆಗಲೇ ಗೊತ್ತಿದೆ, ಗಮನಿಸಿಲ್ಲ ಅಷ್ಟೆ. ಕೆಮಿಸ್ಟ್ರಿಯಲ್ಲಿ ಫಸ್ಟ್ ಆರ್ಡರ್ ರಿಯಾಕ್ಷನ್ ಮಾಡಿದ್ದೀರಲ್ಲ, ಅಲ್ಲಿ 2.303 ಬೈ ಟಿ ಅಂತ ಒಂದು ಸಂಖ್ಯೆ ತಲೆಬುಡವಿಲ್ಲದೆ ಬಂದು ಕೂತಿರುತ್ತೆ. ಅದು ಇದೇ. ಕೆಮಿಸ್ಟ್ರಿಯವರು ಬೇಸ್ 10ರ ಲಾಗ್ ಬಳಸುತ್ತಾರೆ, ಹಾಗಾಗಿ ಬೇಸ್ ಇಗೆ ಬದಲಾಯಿಸಲು 2.303ರಿಂದ ಗುಣಿಸುತ್ತಾರೆ. ನಿನಗೆ ಬಂದ 2.408 ಇದೆಯಲ್ಲ, ಅದನ್ನು 2.3026ರಿಂದ ಗುಣಿಸಿ ನೋಡು. ಮತ್ತೆ 5.545! ಒಂದೇ ದಿನ ಮೊದಲ ಪೀರಿಯಡ್‌ನಲ್ಲಿ ಲಾಗ್ ಅಂದ್ರೆ ಬೇಸ್ ಇ, ಎರಡನೇ ಪೀರಿಯಡ್‌ನಲ್ಲಿ ಲಾಗ್ ಅಂದ್ರೆ ಬೇಸ್ 10. ಕಂಪ್ಯೂಟರ್ ಸೈನ್ಸ್ ತಗೊಂಡಿದ್ದರೆ ಅಲ್ಲಿ ಪೈಥಾನ್‌ನಲ್ಲಿ ಲಾಗ್ ಅಂದರೆ ಮತ್ತೆ ಬೇಸ್ ಇ. ಮಕ್ಕಳು ತಬ್ಬಿಬ್ಬಾಗದೆ ಇನ್ನೇನಾಗುತ್ತಾರೆ?

ಈಗ ದೊಡ್ಡ ಗೊಂದಲಕ್ಕೆ ಬರೋಣ. 'ಎಕ್ಸೆಪ್ಷನ್' ಅನ್ನೋ ಮಾತು ಸರಿಯಲ್ಲ. ಪವರ್ ರೂಲ್ ಇರುವುದೇ ಪವರ್ ಅಲುಗಾಡದೆ ನಿಂತಾಗ. ಎಕ್ಸ್ ಕ್ಯೂಬ್‌ನಲ್ಲಿ ತಲೆಯ ಮೇಲಿನ 3 ಗಟ್ಟಿಯಾಗಿ ಕೂತಿದೆ, ಕೆಳಗಿನ ಎಕ್ಸ್ ಬದಲಾಗುತ್ತಿದೆ. 2 ಪವರ್ ಎಕ್ಸ್‌ನಲ್ಲಿ ಉಲ್ಟಾ. ಕೆಳಗಿನ 2 ಕೂತಿದೆ, ತಲೆ ಮೇಲಿನದು ಓಡಾಡುತ್ತಿದೆ. ನೋಡಲು ಅಣ್ಣ ತಮ್ಮಂದಿರ ಹಾಗಿದ್ದರೂ ಸ್ವಭಾವ ಪೂರ್ತಿ ಬೇರೆ. ನಿನ್ನ ಉತ್ತರವನ್ನು ಎಕ್ಸ್ ಸೊನ್ನೆ ಇದ್ದಾಗ ಹಾಕಿ ನೋಡು, ಸೊನ್ನೆ ಬರುತ್ತೆ. ಅಂದರೆ ಗ್ರಾಫ್ ಅಲ್ಲಿ ಮಟ್ಟಸವಾಗಿ ಮಲಗಿದೆ ಅಂತ ಅರ್ಥ. ಎಕ್ಸ್ ಮೈನಸ್ 1 ಇದ್ದಾಗ ಹಾಕು. ಮೈನಸ್ 0.25. ಅಂದರೆ ಇಳಿಯುತ್ತಿದೆ ಅಂತಾಯಿತು! ಆದರೆ 2 ಪವರ್ ಎಕ್ಸ್ ಎಲ್ಲೂ ಇಳಿಯಲ್ಲ. ಅರ್ಧ, ಒಂದು, ಎರಡು, ನಾಲ್ಕು ಅಂತ ಏರುತ್ತಲೇ ಹೋಗುತ್ತೆ.

ಹಾಗಾದರೆ ಅದರ ಏರಿಕೆಯ ವೇಗ ಎಷ್ಟು? ಇಲ್ಲಿ ಸ್ವಲ್ಪ ನಿಧಾನವಾಗಿ ಓದು, ನನಗೆ ಇಡೀ ಪಾಠದಲ್ಲಿ ಇಷ್ಟವಾದ ಜಾಗ ಇದು.

ಎಕ್ಸ್‌ನಿಂದ ಎಚ್‌ನಷ್ಟು ಮುಂದಕ್ಕೆ ಹೋದರೆ 2 ಪವರ್ ಎಕ್ಸ್ ಅನ್ನೋದು 2 ಪವರ್ ಎಚ್‌ನಿಂದ ಗುಣಿಸಿಕೊಳ್ಳುತ್ತೆ. ಹಾಗಾಗಿ ಏರಿಕೆಯನ್ನು ಎಚ್‌ನಿಂದ ಭಾಗಿಸಿದಾಗ 2 ಪವರ್ ಎಕ್ಸ್ ಪೂರ್ತಿಯಾಗಿ ಹೊರಗೆ ಬಂದು ನಿಲ್ಲುತ್ತೆ. ಒಳಗೆ ಉಳಿಯುವುದು ಇಷ್ಟೆ: 2 ಪವರ್ ಎಚ್‌ನಿಂದ 1 ಕಳೆದು, ಎಚ್‌ನಿಂದ ಭಾಗಿಸಿದ್ದು. ಅದರಲ್ಲಿ ಎಕ್ಸ್‌ನ ಸುಳಿವೇ ಇಲ್ಲ. ಎಚ್ 0.1 ಇದ್ದಾಗ ಅದು 0.7177. ಎಚ್ 0.01 ಆದಾಗ 0.6956. 0.001 ಆದಾಗ 0.6934. ಇಳಿದು ಇಳಿದು 0.6931 ಹತ್ತಿರ ನಿಲ್ಲುತ್ತೆ. ಅಂದರೆ 2 ಪವರ್ ಎಕ್ಸ್ ಎಲ್ಲೇ ಇರಲಿ, ಅದು ಏರುವ ವೇಗ ಆ ಹೊತ್ತಿನ ಅದರ ಬೆಲೆಯ 0.6931 ಪಟ್ಟು. 3 ಪವರ್ ಎಕ್ಸ್‌ಗೆ ಇದೇ ಲೆಕ್ಕ ಮಾಡು. 1.0986 ಬರುತ್ತೆ. ಪ್ರತಿಯೊಂದು ಬೇಸ್‌ಗೂ ಅದರದ್ದೇ ಆದ ಒಂದು ಸಂಖ್ಯೆ. ನಾನು ಕ್ಲಾಸಿನಲ್ಲಿ ಇದನ್ನು ಆ ಬೇಸಿನ 'ಸ್ವಂತ ಸಂಖ್ಯೆ' ಅಂತ ಕರೆಯುತ್ತಿದ್ದೆ. ಪುಸ್ತಕದ ಹೆಸರಲ್ಲ ಅದು, ನನ್ನದೇ.

ಗಮನಿಸು, ಇಲ್ಲಿಯವರೆಗೆ ಲಾಗ್ ಅನ್ನೋ ಪದ ಬಂದೇ ಇಲ್ಲ. ಈಗ 4 ಪವರ್ ಎಕ್ಸ್ ತಗೋ. ಅದು 2 ಪವರ್ 2 ಎಕ್ಸ್ ಅಲ್ವಾ? ಎಕ್ಸ್ ಒಂದು ಹೆಜ್ಜೆ ಇಟ್ಟರೆ ತಲೆಯ ಮೇಲೆ ಎರಡು ಹೆಜ್ಜೆ ಬೀಳುತ್ತೆ. ಹಾಗಾಗಿ 4ರ ಸ್ವಂತ ಸಂಖ್ಯೆ 2ರದ್ದರ ಎರಡು ಪಟ್ಟು, 1.386. ಹಾಗೇ 8ರದ್ದು ಮೂರು ಪಟ್ಟು, 2.079. ಇನ್ನು 6 ಪವರ್ ಎಕ್ಸ್? ಅದು 2 ಪವರ್ ಎಕ್ಸ್ ಇಂಟು 3 ಪವರ್ ಎಕ್ಸ್. ಗುಣಾಕಾರದ ಡೆರಿವೇಟಿವ್ ತೆಗೆಯುವ ಪ್ರಾಡಕ್ಟ್ ರೂಲ್ ಹಾಕಿ ನೋಡು, ಎರಡು ಸ್ವಂತ ಸಂಖ್ಯೆಗಳೂ ಕೂಡಿಕೊಳ್ಳುತ್ತವೆ: 0.6931 ಪ್ಲಸ್ 1.0986, ಅಂದರೆ 1.7917ರ ಹತ್ತಿರ. ಬೇಸ್‌ಗಳನ್ನು ಗುಣಿಸಿದರೆ ಸ್ವಂತ ಸಂಖ್ಯೆಗಳು ಕೂಡುತ್ತವೆ. ಬೇಸಿಗೆ ಪವರ್ ಹಾಕಿದರೆ ಸ್ವಂತ ಸಂಖ್ಯೆ ಅಷ್ಟು ಪಟ್ಟಾಗುತ್ತೆ. ಈ ಗುಣ ಯಾರದ್ದು? ನಿಮ್ಮಪ್ಪನನ್ನು ಕೇಳು, ಥಟ್ಟಂತ ಹೇಳುತ್ತಾರೆ. ಲಾಗ್‌ನದ್ದು. ಯಾರೋ ಎಲ್ಲಿಂದಲೋ ಲಾಗ್ ತಂದು ಸೂತ್ರಕ್ಕೆ ಅಂಟಿಸಿಲ್ಲ. ಇಳಿಜಾರು ಅಳೆಯಲು ಹೋದವರ ಕೈಗೆ ತಾನಾಗಿಯೇ ಸಿಕ್ಕಿದೆ.

ಲಾಗ್ ಅಂದಮೇಲೆ ಅದಕ್ಕೊಂದು ಬೇಸ್ ಇರಬೇಕು. ಯಾವ ಬೇಸ್? ಯಾರ ಸ್ವಂತ ಸಂಖ್ಯೆ ಸರಿಯಾಗಿ 1 ಬರುತ್ತೋ ಆ ಬೇಸ್. 2ಕ್ಕೆ 0.69, ಒಂದಕ್ಕಿಂತ ಕಡಿಮೆ. 3ಕ್ಕೆ 1.09, ಒಂದಕ್ಕಿಂತ ಜಾಸ್ತಿ. ಹಾಗಾದರೆ ಮಧ್ಯದಲ್ಲೆಲ್ಲೋ ಇದೆ. 2.7 ಹಾಕಿದರೆ 0.9933. 2.72 ಹಾಕಿದರೆ 1.0006. ಹೀಗೆ ಹುಡುಕುತ್ತಾ ಹೋದರೆ 2.71828 ಹತ್ತಿರ ಸಿಗುತ್ತೆ. ನಿನ್ನ 'ಇ' ಅದೇ. 'ಇ ಪವರ್ ಎಕ್ಸ್‌ನ ಡೆರಿವೇಟಿವ್ ಇ ಪವರ್ ಎಕ್ಸೇ, ಎಂಥ ವಿಚಿತ್ರ!' ಅಂತ ಮಕ್ಕಳು ಬೆರಗಾಗುತ್ತಾರೆ. ಆ ಗುಣ ಇರುವ ಸಂಖ್ಯೆಯನ್ನೇ ಹುಡುಕಿಕೊಂಡು ಹೋಗಿದ್ದು ನಾವು. ಹುಡುಗನನ್ನು ನೋಡಿ ಒಪ್ಪಿ ಮದುವೆ ಮಾಡಿ, ಆಮೇಲೆ 'ಅಯ್ಯೋ ಅಳಿಯ ಎಷ್ಟು ಒಳ್ಳೆಯವನು' ಅಂತ ಆಶ್ಚರ್ಯಪಟ್ಟ ಹಾಗೆ!

ಈ ಸಂಖ್ಯೆ ಮೊದಲು ತಲೆ ಎತ್ತಿದ್ದರಲ್ಲಿ ಬಡ್ಡಿ ಲೆಕ್ಕವೂ ಒಂದು. 1683ರಲ್ಲಿ ಗಣಿತಜ್ಞ ಯಾಕೋಬ್ ಬರ್ನೌಲಿ ಚಕ್ರಬಡ್ಡಿಯ ಪ್ರಶ್ನೆ ಹಿಡಿದಿದ್ದ. ಒಂದು ರೂಪಾಯಿಗೆ ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಅಂತ ಇಟ್ಟುಕೋ. ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿದರೆ 2 ರೂಪಾಯಿ. ಆರು ತಿಂಗಳಿಗೊಮ್ಮೆ ಸೇರಿಸಿದರೆ 2.25. ತಿಂಗಳಿಗೊಮ್ಮೆ ಆದರೆ 2.613. ದಿನಾ ಸೇರಿಸಿದರೆ 2.7146. ಗಳಿಗೆಗೊಂದು ಸಲ ಸೇರಿಸಿದರೂ 2.71828 ದಾಟಲ್ಲ. ಬಡ್ಡಿಗೆ ಕೊಡುವವನ ದುರಾಸೆಗೂ ಒಂದು ಮೇರೆ ಇದೆ ನೋಡು. 'ಇ' ಅನ್ನೋ ಅಕ್ಷರ ಬಳಕೆಗೆ ತಂದವನು ಇನ್ನೊಬ್ಬ ಗಣಿತಜ್ಞ ಆಯ್ಲರ್, 1731ರ ಒಂದು ಪತ್ರದಲ್ಲಿ ಅದು ಸಿಗುತ್ತೆ. ಹಾಗಾದರೆ ಬೇಸ್ 10 ಯಾಕೆ ಬಂತು? ನಮ್ಮ ಎಣಿಕೆ ಹತ್ತರ ಮೇಲೆ ನಿಂತಿದೆ, ಕೈಲೆಕ್ಕಕ್ಕೆ ಅದೇ ಅನುಕೂಲ. ನೇಪಿಯರ್ 1614ರಲ್ಲಿ ಲಾಗ್ ಕೊಟ್ಟ ಮೂರು ವರ್ಷಕ್ಕೇ ಬ್ರಿಗ್ಸ್ ಬೇಸ್ 10ರ ಟೇಬಲ್ ಅಚ್ಚು ಹಾಕಿಸಿದ. ನಿಮ್ಮಪ್ಪನ 0.3010 ಆ ವಂಶದ್ದು. ಗುಣಾಕಾರ ಮಾಡಲು ಅದು ಸಾಕು. ಇಳಿಜಾರು ಅಳೆಯಲು ಹೋದರೆ ಮಾತ್ರ 2.3026 ಅನ್ನೋ ಬಾಲ ಅಂಟಿಕೊಳ್ಳುತ್ತೆ. ಕೋನವನ್ನು ಡಿಗ್ರಿ ಬಿಟ್ಟು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ ಸೈನ್‌ನ ಡೆರಿವೇಟಿವ್ ಸಲೀಸಾಗಿ ಕಾಸ್ ಬರುತ್ತಲ್ಲ, ಇದೂ ಅದೇ ಕಥೆ.

'ಎಕ್ಸ್‌ಪೊನೆನ್ಶಿಯಲ್ ಅಂದ್ರೆ ಸಿಕ್ಕಾಪಟ್ಟೆ ಬೇಗ ಬೆಳೆಯೋದು' ಅನ್ನೋ ಮಾತು ಟಿವಿಯಿಂದ ಬಂದದ್ದು, ಅದನ್ನೂ ತಲೆಯಿಂದ ತೆಗೆದುಹಾಕು. ಬೆಳೆಯಲೂಬಹುದು, ಕರಗಲೂಬಹುದು. ಒಂದು ಸಲ ಡಿಸೆಂಬರಿನಲ್ಲಿ ಕೆಮಿಸ್ಟ್ರಿ ಲ್ಯಾಬಿನಿಂದ ಥರ್ಮಾಮೀಟರ್ ಕಡ ತಂದು, ಕ್ಯಾಂಟೀನಿನ ಕಾಫಿಯನ್ನು ಸ್ಟೀಲ್ ಲೋಟದಲ್ಲಿ ಮೇಜಿನ ಮೇಲಿಟ್ಟು ಪಾಠ ಮಾಡಿದ್ದೆ. ರೂಮು 24 ಡಿಗ್ರಿ, ಕಾಫಿ 80. ಅಂದರೆ ರೂಮಿಗಿಂತ 56 ಡಿಗ್ರಿ ಜಾಸ್ತಿ. ಹತ್ತು ನಿಮಿಷಕ್ಕೆ ಆ 56 ಅನ್ನೋದು 40ಕ್ಕೆ ಇಳಿಯಿತು. ಇಪ್ಪತ್ತಕ್ಕೆ 28. ಮೂವತ್ತಕ್ಕೆ 20. ಪ್ರತಿ ಹತ್ತು ನಿಮಿಷಕ್ಕೂ ಸುಮಾರು 0.7 ಪಟ್ಟು. ಹಾಗಾದರೆ ಲೋಟ ಮೇಜಿನ ಮೇಲಿಟ್ಟ ಆ ಕ್ಷಣದಲ್ಲಿ ಕಾಫಿ ಎಷ್ಟು ವೇಗದಲ್ಲಿ ಆರುತ್ತಿತ್ತು? 0.7ರ ಸ್ವಂತ ಸಂಖ್ಯೆ ಮೈನಸ್ 0.3567. ಹತ್ತು ನಿಮಿಷಕ್ಕೆ ಅಷ್ಟು ಅಂದರೆ ನಿಮಿಷಕ್ಕೆ ಮೈನಸ್ 0.03567. ಅದನ್ನು 56ರಿಂದ ಗುಣಿಸು. ನಿಮಿಷಕ್ಕೆ 2 ಡಿಗ್ರಿ. ಇಪ್ಪತ್ತು ನಿಮಿಷದ ಹೊತ್ತಿಗೆ 28ರಿಂದ ಗುಣಿಸಬೇಕು, ನಿಮಿಷಕ್ಕೆ 1 ಡಿಗ್ರಿ. ಬಿಸಿ ಅರ್ಧಕ್ಕೆ ಇಳಿದಾಗ ಆರುವ ವೇಗವೂ ಅರ್ಧ. ಇದಕ್ಕೆ ಫೋನಿನ ಲಾಗ್ ಬಟನ್ ಒತ್ತಿದ್ದರೆ ಶುರುವಿನಲ್ಲಿ ನಿಮಿಷಕ್ಕೆ 0.87 ಡಿಗ್ರಿ ಅಂತ ಬರುತ್ತಿತ್ತು. ಮೊದಲ ಹತ್ತು ನಿಮಿಷದಲ್ಲಿ 16 ಡಿಗ್ರಿ ಇಳಿದಿದ್ದನ್ನು ಕಣ್ಣಾರೆ ನೋಡಿದವರು ಯಾರೂ ಅದನ್ನು ಒಪ್ಪಲ್ಲ. ಆ ಕಾಫಿಯನ್ನು ಕೊನೆಗೆ ಯಾರೂ ಕುಡಿಯಲಿಲ್ಲ. ಚಿಕ್ಕಮಗಳೂರು ಸೀಮೆಯ ಒಬ್ಬ ಹುಡುಗ ಮಾತ್ರ ತುಂಬ ಸಂಕಟಪಟ್ಟ.

ಇನ್ನು ಪರೀಕ್ಷೆಯ ವಿಚಾರ. ಸೂತ್ರ ಉರು ಹೊಡೆಯಬೇಡ ಅಂತ ನಾನು ಹೇಳಲ್ಲ. ಸಿಇಟಿಯಲ್ಲಿ ಗಣಿತಕ್ಕೆ 80 ನಿಮಿಷ, 60 ಪ್ರಶ್ನೆ. ಕೂತು ಲಿಮಿಟ್ ತೆಗೆಯಲು ಪುರುಸೊತ್ತಿಲ್ಲ. ಆದರೆ ಬರೀ ಸೂತ್ರ ನಂಬಿದವರು ಬೀಳುವ ಹಳ್ಳಗಳು ಗೊತ್ತಿರಲಿ. ಡೆರಿವೇಟಿವ್‌ಗೆ ಲಾಗ್‌ನಿಂದ ಗುಣಿಸಬೇಕೋ ಭಾಗಿಸಬೇಕೋ ಅನ್ನೋದು ಪರೀಕ್ಷೆ ಹಾಲಿನಲ್ಲಿ ಮರೆತುಹೋಗುತ್ತೆ, ಯಾಕಂದ್ರೆ ಡೆರಿವೇಟಿವ್‌ನ ಉಲ್ಟಾ ಲೆಕ್ಕವಾದ ಇಂಟಿಗ್ರೇಷನ್‌ನಲ್ಲಿ ಭಾಗಿಸುತ್ತೇವೆ. ಆಗ ಕ್ಯಾಲ್ಕುಲೇಟರ್ ಇಲ್ಲದೆಯೇ ಹೀಗೆ ನೋಡು. 2 ಪವರ್ ಎಕ್ಸ್, ಮೈನಸ್ 1ರಿಂದ ಸೊನ್ನೆಗೆ ಬರುವಾಗ ಅರ್ಧದಿಂದ ಒಂದಕ್ಕೆ ಏರುತ್ತೆ. ಸೊನ್ನೆಯಿಂದ 1ಕ್ಕೆ ಹೋಗುವಾಗ ಒಂದರಿಂದ ಎರಡಕ್ಕೆ. ಗ್ರಾಫ್ ಮೇಲಕ್ಕೆ ಬಾಗುತ್ತಿರುವುದರಿಂದ ಸೊನ್ನೆಯಲ್ಲಿ ಇಳಿಜಾರು 0.5 ಮತ್ತು 1ರ ಮಧ್ಯೆ ಇರಲೇಬೇಕು. ಲಾಗ್‌ನಿಂದ ಭಾಗಿಸಿದ ಉತ್ತರ ಅಲ್ಲಿ 1.44 ಕೊಡುತ್ತೆ, ಔಟ್. ನಿನ್ನ ಹಳೇ ಉತ್ತರ ಸೊನ್ನೆ ಕೊಡುತ್ತೆ, ಔಟ್. ಬರೀ 2 ಪವರ್ ಎಕ್ಸ್ 1 ಕೊಡುತ್ತೆ, ಅದೂ ಔಟ್. ಉಳಿದದ್ದು ಒಂದೇ.

ಇನ್ನೊಂದು ದಾರಿ, ಎಲ್ಲವನ್ನೂ ಇಗೆ ತಿರುಗಿಸಿಕೊಳ್ಳುವುದು. 2 ಅಂದರೆ ಇ ಪವರ್ 0.6931. ಹಾಗಾಗಿ 2 ಪವರ್ ಎಕ್ಸ್ ಅಂದರೆ ಇ ಪವರ್ 0.6931 ಎಕ್ಸ್. ಇಬ್ಬರು ಒಂದೇ ದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತುತ್ತಿದ್ದಾರೆ, ಒಬ್ಬನ ನಡಿಗೆ ಇನ್ನೊಬ್ಬನದ್ದರ 0.6931 ಪಟ್ಟು ಅಂದುಕೋ. ಒಂದೇ ಎತ್ತರದಲ್ಲಿ ಇಬ್ಬರನ್ನೂ ಹಿಡಿದು ನಿಲ್ಲಿಸಿ ಕೇಳಿದರೆ ಮೇಲೇರುವ ವೇಗವೂ 0.6931 ಪಟ್ಟೇ ಇರುತ್ತೆ. ಚೈನ್ ರೂಲ್ ಹೇಳುವುದು ಇದನ್ನೇ. ಈ ದಾರಿ ಸ್ವಲ್ಪ ಉದ್ದ, ಆದರೆ ಕೈ ಬಿಡಲ್ಲ. ಇಲ್ಲಿನ ಅಪಾಯ ಒಂದೇ. 'ಇ ಪವರ್ ಏನಿದ್ದರೂ ಹಾಗೇ ಇರುತ್ತೆ' ಅಂತ ತಿಳಿದು ಚೈನ್ ರೂಲ್ ಮರೆಯುವುದು. ಇ ಪವರ್ 2 ಎಕ್ಸ್‌ಗೆ ಮುಂದೆ 2 ಬೇಕು. ಇ ಪವರ್ ಎಕ್ಸ್ ಸ್ಕ್ವೇರ್‌ಗೆ 2 ಎಕ್ಸ್ ಬೇಕು. ಇ ಪವರ್ 5ರ ಡೆರಿವೇಟಿವ್ ಸೊನ್ನೆ, ಅದು ಬರೀ ಒಂದು ಸಂಖ್ಯೆ! ಈ ಕೊನೆಯದಕ್ಕೆ ವರ್ಷಾ ವರ್ಷಾ ಹತ್ತಾರು ಮಕ್ಕಳು 'ಇ ಪವರ್ 5' ಅಂತಲೇ ಬರೆಯುತ್ತಿದ್ದರು.

ಮೇಲೂ ಎಕ್ಸ್ ಕೆಳಗೂ ಎಕ್ಸ್ ಇದ್ದರೆ, ಅಂದರೆ ಎಕ್ಸ್ ಪವರ್ ಎಕ್ಸ್ ಬಂದರೆ, ಎರಡೂ ಕಡೆ ಲಾಗ್ ತಗೊಂಡು ಮಾಡಿಸುತ್ತಾರೆ. ಒಳ್ಳೆಯ ದಾರಿ. ಆದರೆ ಕೊನೆಯಲ್ಲಿ 'ವೈ'ಯಿಂದ, ಅಂದರೆ ಆ ಎಕ್ಸ್ ಪವರ್ ಎಕ್ಸ್‌ನಿಂದಲೇ, ಗುಣಿಸಲು ಮರೆಯಬೇಡ. ಎಕ್ಸ್ ಪವರ್ ಎಕ್ಸ್ ಪ್ಲಸ್ 2 ಪವರ್ ಎಕ್ಸ್ ಅಂತ ಕೊಟ್ಟಾಗ ಇಡೀ ಮೊತ್ತಕ್ಕೆ ಲಾಗ್ ಹಾಕಿ ಎರಡು ತುಂಡು ಮಾಡಬೇಡ. ಲಾಗ್ ಗುಣಾಕಾರವನ್ನು ಒಡೆಯುತ್ತೆ, ಸಂಕಲನವನ್ನು ಒಡೆಯಲ್ಲ. ಬೇರೆ ಬೇರೆ ಮಾಡಿ ಆಮೇಲೆ ಕೂಡು. ಅಂದಹಾಗೆ ಒಂದು ತಮಾಷೆ ನೋಡು. ಎಕ್ಸ್ ಪವರ್ ಎಕ್ಸ್‌ಗೆ ಟೆಸ್ಟಿನಲ್ಲಿ ನೀನು ಮಾಡಿದ 'ತಪ್ಪು' ಪವರ್ ರೂಲ್ ಹಾಕು, ಎಕ್ಸ್ ಪವರ್ ಎಕ್ಸ್ ಬರುತ್ತೆ. ಲಾಗ್ ಸೂತ್ರ ಹಾಕು, ಎಕ್ಸ್ ಪವರ್ ಎಕ್ಸ್ ಇಂಟು ಲಾಗ್ ಎಕ್ಸ್ ಬರುತ್ತೆ. ಎರಡೂ ಒಂಟಿಯಾಗಿ ತಪ್ಪು. ಕೂಡಿದರೆ ಸರಿಯುತ್ತರ! ಕಾಕತಾಳೀಯ ಅಲ್ಲ ಇದು. ಕೆಳಗಿನ ಎಕ್ಸ್ ಅಲುಗಿದ್ದರ ಪಾಲು ಒಂದು, ಮೇಲಿನ ಎಕ್ಸ್ ಅಲುಗಿದ್ದರ ಪಾಲು ಇನ್ನೊಂದು.

ಬೋರ್ಡ್ ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವ ಹಾಗೆ 'ಲಾಗ್ 2' ಅಂತಲೇ ಬರೆ. 0.6931 ಅಂತ ಬಿಡಿಸುವ ಅಗತ್ಯ ಇಲ್ಲ.

ನಿಮ್ಮಪ್ಪನಿಗೆ ಫೋನ್ ಮಾಡಿದಾಗ 0.3010 ತಪ್ಪಲ್ಲ ಅಂತ ಹೇಳು. ಅದನ್ನು 2.3026ರಿಂದ ಗುಣಿಸಿದರೆ ಎಷ್ಟು ಬರುತ್ತೆ ಅಂತ ಕೇಳು. ಲಾಗ್ ಟೇಬಲ್ ಕಾಲದವರು, ಕಾಗದದ ಮೇಲೇ ಮಾಡಿ ಹೇಳಿಯಾರು.